ಲೆಕ್ಕ ಅಂದರೆ ಹೊಟ್ಟೆನೋವು, ಚೆನ್ನೆಮಣೆ ಅಂದರೆ ಓಡಿ ಬರುತ್ತಾಳೆ

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮಾಧ್ಯಮದಲ್ಲಿ ಏಳನೇ ಕ್ಲಾಸು. ಐದನೇ ಕ್ಲಾಸಿನವರೆಗೆ ಲೆಕ್ಕ ಅಂದರೆ ಅವಳಿಗೆ ಖುಷಿ ಇತ್ತು. ಈಗ ಪುಸ್ತಕ ತೆರೆದರೆ ಸಾಕು, ಹೊಟ್ಟೆನೋವು ಅನ್ನುತ್ತಾಳೆ. ಒಗಟು, ಆಟಗಳ ಮೂಲಕ ಕಲಿಸಿ ಅಂತ ಯಾರೋ ಹೇಳಿದರು. ಒಂದು ಪಝಲ್ ಪುಸ್ತಕ ತಂದುಕೊಟ್ಟೆವು. ಎರಡು ದಿನ ಮಾಡಿ, "ಇದೂ ಲೆಕ್ಕವೇ ಅಲ್ವಾ ಅಮ್ಮಾ" ಅಂತ ಬದಿಗಿಟ್ಟಳು. ಅಜ್ಜಿಯ ಜೊತೆ ಚೆನ್ನೆಮಣೆ ಆಡಲು ಮಾತ್ರ ಯಾವಾಗಲೂ ರೆಡಿ. ಒಗಟಿನಿಂದ ನಿಜವಾಗಿ ಲೆಕ್ಕದ ಮೇಲೆ ಪ್ರೀತಿ ಬರುತ್ತದಾ? ಯು.ಎಸ್.ಎಸ್. ಸ್ಕಾಲರ್‌ಶಿಪ್ ಪರೀಕ್ಷೆ ಇರುವ ವರ್ಷ ಇದಕ್ಕೆಲ್ಲ ಸಮಯ ಕೊಡಬಹುದಾ? ನಾನಂತೂ ಹತ್ತನೇ ಕ್ಲಾಸಿನಲ್ಲಿ ಲೆಕ್ಕದಲ್ಲಿ ಹೇಗೋ ಪಾಸಾದವಳು.

ಉತ್ತರ: ನಿಮ್ಮ ಮಗಳು ಜಾಣೆ. "ಇದೂ ಲೆಕ್ಕವೇ ಅಲ್ವಾ" ಅಂದಳಲ್ಲ, ಅದನ್ನು ಓದಿ ನನಗೆ ನಗು ಬಂತು. ಕಷಾಯಕ್ಕೆ ಬೆಲ್ಲ ಹಾಕಿ ಕುಡಿಸಲು ನೋಡಿದಿರಿ, ಅವಳು ಮೂಸಿಯೇ ಕಂಡುಹಿಡಿದಳು. ನಾನು ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿ ನಿವೃತ್ತಳಾದವಳು. ಇಂಥ ಬೆಲ್ಲ ನಾನೂ ಸಾಕಷ್ಟು ಹಾಕಿದ್ದೇನೆ. ಪಾಠದ ಲೆಕ್ಕವನ್ನೇ ಬಣ್ಣದ ಕಾಗದದಲ್ಲಿ ಸುತ್ತಿ ಕೊಟ್ಟರೆ ಅದು ಒಗಟು ಆಗುವುದಿಲ್ಲ. "ಪುಟ್ಟ ಮೊಲಕ್ಕೆ ಕ್ಯಾರೆಟ್ ತಲುಪಿಸಲು 347 + 586 ಎಷ್ಟು" ಅಂತ ಕೇಳಿದರೆ, ಮೊಲ ಇದ್ದರೂ ಅದು ಕೂಡಿಸುವ ಲೆಕ್ಕವೇ. ಮಗುವಿಗೆ ಗೊತ್ತಾಗದೆ ಇರುತ್ತದಾ?

ಚೆನ್ನೆಮಣೆ ವಿಷಯ ನೀವು ಕೊನೆಗೆ, ಹೇಳಿಯೂ ಹೇಳದ ಹಾಗೆ ಬರೆದಿದ್ದೀರಿ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಮಣೆಯಲ್ಲಿ ಆಚೆ ಏಳು, ಈಚೆ ಏಳು, ಒಟ್ಟು 14 ಗುಳಿ. ಒಂದೊಂದಕ್ಕೆ ನಾಲ್ಕು ಕಾಳು. ಆಡುವಾಗ ಒಂದು ಗುಳಿಯ ಕಾಳನ್ನೆಲ್ಲ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಹಾಕುತ್ತಾ ಹೋಗುತ್ತೇವೆ. ಕೊನೆಯ ಕಾಳು ಎಲ್ಲಿ ಬೀಳುತ್ತದೆ ಅನ್ನುವುದರ ಮೇಲೆ ಇಡೀ ಆಟ ನಿಂತಿದೆ. ನಿಮ್ಮ ಅತ್ತೆಯವರನ್ನು ಗಮನಿಸಿ ನೋಡಿ. ಅವರು ಕಾಳು ಎತ್ತುವ ಮೊದಲೇ ಕಣ್ಣಲ್ಲಿ ಒಂದು ಸುತ್ತು ಹಾಕಿ ಬಂದಿರುತ್ತಾರೆ. ಗುಳಿಯಲ್ಲಿ 14 ಕಾಳು ಸೇರಿದ್ದರೆ ಕೊನೆಯದು ಹೊರಟ ಜಾಗಕ್ಕೇ ಬಂದು ಬೀಳುತ್ತದೆ. 17 ಇದ್ದರೆ ಮೂರು ಇದ್ದ ಹಾಗೆಯೇ. ಅಂದರೆ 17ನ್ನು 14ರಿಂದ ಭಾಗಿಸಿದಾಗ ಉಳಿಯುವ ಶೇಷ. ದೊಡ್ಡ ಕ್ಲಾಸಿನಲ್ಲಿ ಇದಕ್ಕೆ ದೊಡ್ಡ ಹೆಸರು ಇದೆ. ಅಜ್ಜಿಗೆ ಹೆಸರು ಬೇಡ, ಆಟ ಗೊತ್ತು. ನಿಮ್ಮ ಮಗಳು ಅಜ್ಜಿಯನ್ನು ಒಂದು ಸಲವಾದರೂ ಸೋಲಿಸಿದ್ದರೆ, ಅವಳಿಗೆ ಶೇಷದ ಲೆಕ್ಕ ಬರುತ್ತದೆ ಅಂತಲೇ ಅರ್ಥ.

(ಅಕ್ಕತಂಗಿಯರು ಎದುರುಬದುರು ಕೂತು ಚೆನ್ನೆ ಆಡಬಾರದು ಅಂತ ನಮ್ಮ ಕಡೆ ಹಿರಿಯರು ಹೇಳುವುದುಂಟು. ಸಿರಿ ಪಾಡ್ದನ ಅನ್ನುವ ತುಳು ಜನಪದ ಹಾಡಿನಲ್ಲಿ ಬರುವ ಅಕ್ಕತಂಗಿ ಅಬ್ಬಗ-ದಾರಗರ ಕಥೆ ನಿಮಗೂ ಗೊತ್ತಿರಬಹುದು. ಆಟದ ಸಿಟ್ಟಿನಲ್ಲಿ ಒಬ್ಬಳು ಇನ್ನೊಬ್ಬಳಿಗೆ ಮಣೆಯಿಂದ ಹೊಡೆಯುತ್ತಾಳೆ, ಎರಡೂ ಜೀವ ಹೋಗುತ್ತದೆ. ಅಜ್ಜಿ-ಮೊಮ್ಮಗಳಿಗೆ ಆ ಭಯ ಇಲ್ಲ!)

ಮಗಳು ಲೆಕ್ಕ ಮಾಡಲು ಹೆದರುತ್ತಿಲ್ಲ. ಬೇರೆ ಯಾವುದಕ್ಕೋ ಹೆದರುತ್ತಿದ್ದಾಳೆ. ಅದು ಏನು ಅಂತ ಹುಡುಕದೆ ಒಗಟು ಕೊಟ್ಟರೆ ಪ್ರಯೋಜನ ಇಲ್ಲ.

ನನ್ನ ಮೊದಲ ಸಂಶಯ ಭಾಷೆಯ ಮೇಲೆ. ಕಾಸರಗೋಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ, ಪುಸ್ತಕದಲ್ಲಿ ಗ್ರಂಥದ ಕನ್ನಡ, ಅಂಗಡಿಯಲ್ಲಿ ಮಲಯಾಳ. ಕನ್ನಡದ ಮಕ್ಕಳಿಗೆ ಕನ್ನಡ ಸರಿಯಾಗಿ ಬಾರದವರು ಲೆಕ್ಕ ಕಲಿಸಲು ಬರುವುದೂ ನಮ್ಮ ಜಿಲ್ಲೆಯಲ್ಲಿ ಹೊಸ ಸಂಗತಿ ಅಲ್ಲ. ಐದನೇ ಕ್ಲಾಸಿನವರೆಗೆ ಲೆಕ್ಕದಲ್ಲಿ ಅಂಕೆ ಜಾಸ್ತಿ, ಮಾತು ಕಡಿಮೆ. ಆಮೇಲೆ ಮಾತು ಬೆಳೆಯುತ್ತಾ ಹೋಗುತ್ತದೆ. ಒಂದು ಪ್ರಯೋಗ ಮಾಡಿ ನೋಡಿ. "ಒಂದು ವಸ್ತುವಿನ ಮುದ್ರಿತ ಬೆಲೆಯ ಮೇಲೆ ಶೇಕಡಾ 20 ರಿಯಾಯಿತಿ ನೀಡಿದಾಗ ವಿಕ್ರಯ ಬೆಲೆ 640 ರೂಪಾಯಿ ಆದರೆ ಮುದ್ರಿತ ಬೆಲೆ ಎಷ್ಟು?" ಅಂತ ಓದಿಸಿ. ಮುಖ ನೋಡಿ. ಎರಡು ದಿನ ಬಿಟ್ಟು, ಪೇಟೆಯಿಂದ ಬರುವಾಗ ಬಸ್ಸಿನಲ್ಲಿ ಕೇಳಿ: "ಚೂಡಿದಾರಕ್ಕೆ ಟ್ವೆಂಟಿ ಪರ್ಸೆಂಟ್ ಕಮ್ಮಿ ಮಾಡಿ 640ಕ್ಕೆ ಕೊಟ್ಟರು, ಮೊದಲು ರೇಟು ಎಷ್ಟು ಇದ್ದಿರಬಹುದು?" ನಿಮ್ಮ ಮನೆಮಾತಿನಲ್ಲೇ ಕೇಳಿ. 768 ಅಂದರೂ ಪರವಾಗಿಲ್ಲ. 640ಕ್ಕೆ ಅದರದ್ದೇ 20 ಪರ್ಸೆಂಟ್ ಸೇರಿಸಿದ್ದಾಳೆ ಅಂತ ಅರ್ಥ. ತಪ್ಪು ಉತ್ತರವೇ, ಆದರೆ ಯೋಚಿಸಿ ಮಾಡಿದ ತಪ್ಪು. 800 ಅಂದಳೋ, ನಿಮ್ಮ ಚಿಂತೆ ಅರ್ಧ ಮುಗಿಯಿತು. ಅವಳಿಗೆ ಲೆಕ್ಕ ಬರುತ್ತದೆ, ವಾಕ್ಯ ಬರುತ್ತಿಲ್ಲ.

ಒಗಟು ಈ ಜಾಗದಲ್ಲಿ ಕೆಲಸ ಮಾಡುತ್ತದೆ. ಒಳ್ಳೆಯ ಒಗಟಿನ ಮಾತು ಚಿಕ್ಕದು, ಯಾವ ಭಾಷೆಯಲ್ಲಿ ಹೇಳಿದರೂ ಅದೇ ಒಗಟು. ಪುಸ್ತಕ ಬೇಡ. ಬಾಯಲ್ಲೇ ಹೇಳಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೂವಿನ ಒಗಟು. ನಿಮ್ಮ ಅತ್ತೆಗೂ ಗೊತ್ತಿರಬಹುದು. ಒಬ್ಬರು ಭಟ್ಟರು ಬುಟ್ಟಿಯಲ್ಲಿ ಹೂವು ಹಿಡಿದುಕೊಂಡು ಹೊರಟರು. ದಾರಿಯಲ್ಲಿ ಮೂರು ದೇವಸ್ಥಾನ. ಪ್ರತಿ ದೇವಸ್ಥಾನದ ಎದುರು ಒಂದು ಕೆರೆ. ಕೆರೆಯಲ್ಲಿ ಅದ್ದಿದರೆ ಬುಟ್ಟಿಯ ಹೂವು ಎರಡರಷ್ಟಾಗುತ್ತದೆ. ಅದ್ದಿದರು, ಮೊದಲ ದೇವರಿಗೆ ಒಂದಿಷ್ಟು ಇಟ್ಟರು. ಮತ್ತೆ ಅದ್ದಿದರು, ಎರಡನೇ ದೇವರಿಗೂ ಅಷ್ಟೇ ಇಟ್ಟರು. ಮೂರನೆಯ ಕಡೆಯೂ ಹಾಗೆಯೇ. ಮೂರನೇ ದೇವರಿಗೆ ಇಟ್ಟಾಗ ಬುಟ್ಟಿ ಖಾಲಿ. ತಂದದ್ದು ಎಷ್ಟು, ಇಟ್ಟದ್ದು ಎಷ್ಟು?

ಇದನ್ನು ಕೇಳಿದ ಮಗು ಮೊದಲು ಸುಮ್ನೆ ಯಾವುದಾದರೂ ಸಂಖ್ಯೆ ಹೇಳುತ್ತದೆ. ಹತ್ತು ಅನ್ನುತ್ತದೆ. ಹತ್ತು ಇಪ್ಪತ್ತಾಯಿತು, ಎಷ್ಟು ಇಡೋಣ? ಅಲ್ಲಿ ಸಿಕ್ಕಿಕೊಳ್ಳುತ್ತದೆ. ಎರಡು ಗೊತ್ತಿಲ್ಲದ ಸಂಗತಿಗಳಿವೆ, ಹಿಡಿಯಲು ಏನೂ ಇಲ್ಲ. ನೀವು ಏನೂ ಹೇಳಬೇಡಿ. ಚಾವಡಿಯಲ್ಲಿ ಒಂದು ಹಿಡಿ ಹುಣಸೆ ಬೀಜ ಇಟ್ಟುಬಿಡಿ. ಒಂದು ದಿನ ಹೋಗಲಿ, ಎರಡು ದಿನ ಹೋಗಲಿ. ತೀರಾ ಬೇಸರ ಆದರೆ ಒಂದೇ ಒಂದು ಮಾತು ಕೇಳಿ: "ನಮಗೆ ನಿಜವಾಗಿ ಗೊತ್ತಿರುವುದು ಯಾವ ಹೊತ್ತಿನ ಬುಟ್ಟಿ?" ಕೊನೆಯದು. ಖಾಲಿ ಬುಟ್ಟಿ.

ಅಲ್ಲಿಂದ ಹಿಂದಕ್ಕೆ ನಡೆದರೆ ಒಗಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಒಬ್ಬ ದೇವರಿಗೆ ಇಟ್ಟದ್ದನ್ನು ಒಂದು ಪಾಲು ಅನ್ನೋಣ. ಕೊನೆಗೆ ಖಾಲಿ ಆಯಿತು ಅಂದರೆ ಮೂರನೇ ದೇವರಿಗೆ ಇಡುವ ಮೊದಲು ಸರಿಯಾಗಿ ಒಂದು ಪಾಲು ಇತ್ತು. ಅದು ಕೆರೆಯಲ್ಲಿ ಅದ್ದಿ ಬಂದದ್ದು. ಅದ್ದುವ ಮೊದಲು ಅರ್ಧ ಪಾಲು. ಅದಕ್ಕಿಂತ ಮೊದಲು ಎರಡನೇ ದೇವರಿಗೆ ಒಂದು ಪಾಲು ಇಟ್ಟಿದ್ದರು, ಆಗ ಇದ್ದದ್ದು ಒಂದೂವರೆ. ಅದರ ಅರ್ಧ ಮುಕ್ಕಾಲು. ಮೊದಲ ದೇವರಿಗೆ ಇಡುವ ಮುಂಚೆ ಒಂದೂಮುಕ್ಕಾಲು. ಅದರ ಅರ್ಧ ಎಂಟರಲ್ಲಿ ಏಳು ಭಾಗ. ಇಟ್ಟದ್ದು ಎಂಟಾದರೆ ತಂದದ್ದು ಏಳು. ಏಳು ಹದಿನಾಲ್ಕಾಯಿತು, ಎಂಟು ಇಟ್ಟರು, ಉಳಿದದ್ದು ಆರು. ಆರು ಹನ್ನೆರಡಾಯಿತು, ಉಳಿದದ್ದು ನಾಲ್ಕು. ನಾಲ್ಕು ಎಂಟಾಯಿತು, ಎಂಟೂ ಇಟ್ಟರು. ಬುಟ್ಟಿ ಖಾಲಿ.

ಏಳನೇ ಕ್ಲಾಸಿನ ಮಕ್ಕಳನ್ನು ಅಳಿಸುವ ಭಿನ್ನರಾಶಿ ಇದರ ಒಳಗೆ ಇದೆ. ಅಂಶ, ಛೇದ ಅನ್ನುವ ಮಾತು ಬರಲೇ ಇಲ್ಲ. ಅರ್ಧ, ಮುಕ್ಕಾಲು, ಒಂದೂವರೆ ಸಾಕಾಯಿತು. ಇಷ್ಟಕ್ಕೇ ನಿಲ್ಲಿಸಬೇಡಿ, ರಸ ಇರುವುದು ಮುಂದೆ. ದೇವಸ್ಥಾನ ನಾಲ್ಕಾದರೆ? ಐದಾದರೆ? ಒಂದೇ ಆದರೆ? 14 ಹೂವು ತಂದು 16 ಇಟ್ಟರೂ ಆಗುತ್ತದೆ ಅಲ್ವಾ, ಹಾಗಾದರೆ ಉತ್ತರ ಎಷ್ಟು ಇವೆ? ಈ ಕೊನೆಯ ಪ್ರಶ್ನೆಯನ್ನು ಮಗಳೇ ಕೇಳಿದರೆ ಆ ದಿನ ಪಾಯಸ ಮಾಡಿ.

ಈ ಒಗಟಿನ ಜೊತೆ ನನ್ನದೊಂದು ತಪ್ಪು ಅಂಟಿಕೊಂಡಿದೆ. ಕೆಲಸಕ್ಕೆ ಸೇರಿದ ಹೊಸತು. ಎಂಟನೇ ಕ್ಲಾಸಿಗೆ ಇದನ್ನು ಹೇಳಿದ್ದೆ. ಎರಡು ದಿನ ಬಿಟ್ಟು ಹಿಂದಿನ ಬೆಂಚಿನ ಹುಡುಗನೊಬ್ಬ, "ಟೀಚರ್, ಸಿಕ್ಕಿತು" ಅಂತ ಎದ್ದು ನಿಂತ. ಹೇಗೆ ಮಾಡಿದೆ ಅಂತ ಕೇಳಿದೆ. ಮನೆಯಲ್ಲಿ ಹುಣಸೆ ಬೀಜ ಇಟ್ಟು ಇಟ್ಟು ನೋಡಿದೆ ಅಂದ. ನಾನು, "ಬೀಜ ಇಟ್ಟು ಅಲ್ಲ ಮಾರಾಯ, ಸಮೀಕರಣ ಬರೆದು ಮಾಡು" ಅಂದೆ. ಕ್ಲಾಸು ನಕ್ಕಿತು. ಆ ವರ್ಷ ಆ ಹುಡುಗ ಮತ್ತೆ ಕೈ ಎತ್ತಲಿಲ್ಲ. ಎರಡು ದಿನ ಒಂದು ಲೆಕ್ಕದ ಹಿಂದೆ ಬಿದ್ದಿದ್ದ ಮಗು ಆ ಕ್ಲಾಸಿನಲ್ಲಿ ಅವನೊಬ್ಬನೇ. ಬುದ್ಧಿವಂತರು ಎನಿಸಿಕೊಂಡವರು ಐದು ನಿಮಿಷದಲ್ಲಿ ಬಿಟ್ಟಿದ್ದರು.

ಹಾಗಾಗಿ ನಿಮಗೆ ಹೇಳುತ್ತೇನೆ, ಮಗಳು ಹೇಗೆ ಮಾಡಿದರೂ ಸರಿ. ಬೀಜ ಇಡಲಿ, ಗೋಡೆಗೆ ಗೀಚಲಿ, ಸುಮ್ನೆ ಊಹಿಸಿ ಊಹಿಸಿ ಸರಿಮಾಡಿಕೊಳ್ಳಲಿ. ನೀವು "ಹತ್ತನೇ ಕ್ಲಾಸಿನಲ್ಲಿ ಹೇಗೋ ಪಾಸಾದವಳು" ಅಂತ ಬರೆದಿದ್ದೀರಲ್ಲ, ಅದು ನಿಮಗೆ ಅನುಕೂಲವೇ. ನಮ್ಮಂಥ ಟೀಚರುಗಳಿಗೆ ಉತ್ತರ ಗೊತ್ತಿರುತ್ತದೆ, ನಾಲಗೆ ತುರಿಸುತ್ತದೆ, ಹೇಳಿಬಿಡುತ್ತೇವೆ. ನಿಮಗೆ ಗೊತ್ತಿಲ್ಲದಿದ್ದರೆ ನೀವೂ ಅವಳ ಜೊತೆ ಕೂತು ತಡಕಾಡಬಹುದು. ಅಮ್ಮನಿಗೂ ಗೊತ್ತಾಗುತ್ತಿಲ್ಲ, ಅಮ್ಮನೂ ಯೋಚನೆ ಮಾಡುತ್ತಿದ್ದಾಳೆ ಅಂತ ನೋಡುವುದು ಮಗುವಿಗೆ ದೊಡ್ಡ ಧೈರ್ಯ. ಆದರೆ "ನನಗೂ ಲೆಕ್ಕ ಆಗುತ್ತಲೇ ಇರಲಿಲ್ಲ, ನಮ್ಮ ಮನೆಯವರಿಗೆ ಅದು ಬರುವುದಿಲ್ಲ" ಅನ್ನುವ ಮಾತು ಅವಳ ಎದುರು ಬೇಡ. ತಮಾಷೆಗೂ ಬೇಡ. ಮಕ್ಕಳು ಅದನ್ನು ಜಾತಕದ ಹಾಗೆ ಹಿಡಿದುಕೊಳ್ಳುತ್ತಾರೆ.

ಇನ್ನೊಂದು ಒಗಟು ಮೆಟ್ಟಿಲಿನದು. ನಮ್ಮ ಕಡೆ ಮನೆ ಮೇಲೆ, ತೋಟ ಕೆಳಗೆ. ಕೆಂಪುಕಲ್ಲಿನ ಮೆಟ್ಟಿಲು ಇಳಿಯದೆ ಅಡಿಕೆ ಹೆಕ್ಕಲು ಆಗುವುದಿಲ್ಲ. ಒಂದು ಸಲಕ್ಕೆ ಒಂದು ಮೆಟ್ಟಿಲು ಇಳಿಯಬಹುದು, ಅಥವಾ ಹಾರಿ ಎರಡು ಇಳಿಯಬಹುದು. ಹಾಗಾದರೆ ಎಷ್ಟು ಬೇರೆ ಬೇರೆ ರೀತಿಯಲ್ಲಿ ಕೆಳಗೆ ಹೋಗಬಹುದು? ಒಂದೇ ಮೆಟ್ಟಿಲು ಇದ್ದರೆ ಒಂದು ರೀತಿ. ಎರಡಿದ್ದರೆ ಎರಡು ರೀತಿ. ಮೂರಿದ್ದರೆ ಮೂರು. ಇಲ್ಲಿಗೆ ಬಂದಾಗ ಮಕ್ಕಳು ಗೆದ್ದೆವು ಅಂದುಕೊಳ್ಳುತ್ತಾರೆ. ನಾಲ್ಕಕ್ಕೆ ನಾಲ್ಕು ಅನ್ನುತ್ತಾರೆ. ಇಳಿಸಿ ನೋಡಿ. ಐದು ಬರುತ್ತದೆ! ಐದಕ್ಕೆ ಎಂಟು.

ನನ್ನ ಕ್ಲಾಸಿನಲ್ಲಿ ಆಗುತ್ತಿದ್ದದ್ದು ಹೇಳುತ್ತೇನೆ. ನಾಲ್ಕು ಮೆಟ್ಟಿಲಿಗೆ ಐದು ಬಂದಾಗ ಮಕ್ಕಳು ನಾನೇ ಎಲ್ಲೋ ತಪ್ಪಿದ್ದೇನೆ ಅಂತ ಜಗಳಕ್ಕೆ ಬರುತ್ತಿದ್ದರು. ಪಟ್ಟಿ ಬರೆದು ತೋರಿಸಿ ಅನ್ನುತ್ತಿದ್ದೆ. ಬರೆದು, ಎಣಿಸಿ, ಸುಮ್ಮನಾಗುತ್ತಿದ್ದರು. ಆಮೇಲೆ ಯಾರೋ ಒಬ್ಬರು ನಿಧಾನಕ್ಕೆ, "ಟೀಚರ್, ಎರಡು ಮೂರು ಸೇರಿದರೆ ಐದು, ಮೂರು ಐದು ಸೇರಿದರೆ ಎಂಟು" ಅನ್ನುತ್ತಿದ್ದರು. ಯಾಕೆ ಹಾಗೆ ಅಂತ ಹೇಳುವ ಮಗು ಸಿಕ್ಕಿದರೆ ನನಗೆ ಹಬ್ಬ. ಕೊನೆಯ ಹೆಜ್ಜೆ ಒಂದು ಮೆಟ್ಟಿಲಿನದ್ದು ಇರಬೇಕು, ಇಲ್ಲವೇ ಎರಡರದ್ದು. ಒಂದರದ್ದಾದರೆ ಅದಕ್ಕೆ ಮೊದಲು ಒಂದು ಕಡಿಮೆ ಮೆಟ್ಟಿಲಿನ ದಾರಿಗಳೆಲ್ಲ ಇವೆ. ಎರಡರದ್ದಾದರೆ ಎರಡು ಕಡಿಮೆಯ ದಾರಿಗಳು. ಎರಡನ್ನೂ ಕೂಡಿಸಿದರೆ ಮುಗಿಯಿತು. ನಿಮ್ಮ ತೋಟಕ್ಕೆ ಹತ್ತು ಮೆಟ್ಟಿಲಿದ್ದರೆ 89 ರೀತಿ.

ಈ ಸಾಲನ್ನು ಜಗತ್ತು ಫಿಬೊನಾಚಿ ಅನ್ನುತ್ತದೆ. ಆ ಇಟಲಿಯವನ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಸುಮಾರು ಅರ್ಧ ಶತಮಾನ ಮೊದಲು ಗುಜರಾತಿನ ಹೇಮಚಂದ್ರ ಇದನ್ನು ಛಂದಸ್ಸಿಗಾಗಿ ಬರೆದಿದ್ದ. ಅವನಿಗಿಂತ ಹಿಂದೆ ಛಂದಸ್ಸಿನ ಪಂಡಿತ ವಿರಹಾಂಕನಿಗೂ ಗೊತ್ತಿತ್ತು. ಮೆಟ್ಟಿಲಿನ ಜಾಗದಲ್ಲಿ ಅವರಿಗೆ ಇದ್ದದ್ದು ಮಾತ್ರೆ. ಲಘು ಅಂದರೆ ಒಂದು ಮಾತ್ರೆ, ಗುರು ಅಂದರೆ ಎರಡು. ನಾಲ್ಕು ಮಾತ್ರೆಯ ಗಣ ಎಷ್ಟು ಬಗೆ? ಮರಗಿಡ, ಮಾವಿನ, ವಿಚಾರ, ತರಲಾ, ಅಕ್ಕಾ. ಅದೇ ಐದು! ಹೈಸ್ಕೂಲಿಗೆ ಹೋದ ಮೇಲೆ ಕನ್ನಡ ಪಾಠದಲ್ಲಿ ನಿಮ್ಮ ಮಗಳು ಷಟ್ಪದಿಗೆ ಪ್ರಸ್ತಾರ ಹಾಕುತ್ತಾಳೆ. ಆಗ ಈ ಮೆಟ್ಟಿಲು ನೆನಪು ಮಾಡಿಕೊಡಿ. "ಯಮಾತಾರಾಜಭಾನಸಲಗಂ" ಅಂತ ಬಾಯಿಪಾಠ ಮಾಡಿಸುತ್ತಾರಲ್ಲ, ಅದೂ ಒಂದು ಒಗಟೇ. ಹತ್ತೇ ಅಕ್ಷರ. ಎಲ್ಲಿಂದ ಮೂರು ಮೂರು ಅಕ್ಷರ ತೆಗೆದರೂ ಬೇರೆ ಬೇರೆ ಗಣ, ಎಂಟೂ ಗಣ ಒಂದೊಂದೇ ಸಲ ಸಿಗುತ್ತವೆ. ಹತ್ತಕ್ಕಿಂತ ಕಡಿಮೆ ಅಕ್ಷರದಲ್ಲಿ ಇದು ಆಗುವುದಿಲ್ಲ, ಯಾಕೆ ಅಂತ ಯೋಚಿಸಿ. ಲೆಕ್ಕ ಬಾರದವರು ಭಾಷೆ ಓದಲಿ ಅನ್ನುವವರಿಗೆ ನಾನು ಇದನ್ನು ಹೇಳುತ್ತೇನೆ. ಲೆಕ್ಕ ಅಲ್ಲಿಯೂ ಬಿಡುವುದಿಲ್ಲ.

ನಮ್ಮ ನುಡಿಯಲ್ಲಿ ಲೆಕ್ಕಕ್ಕೆ ಹಳೆಯ ಬೇರು ಇದೆ. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಒಂಬತ್ತನೇ ಶತಮಾನದಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹ ಸಂಸ್ಕೃತದ್ದು. ಹನ್ನೆರಡನೇ ಶತಮಾನದ ರಾಜಾದಿತ್ಯ ಲೆಕ್ಕವನ್ನು ಕನ್ನಡದಲ್ಲೇ ಬರೆದ, ಅದರ ಹೆಸರು ವ್ಯವಹಾರಗಣಿತ. ಮಹಾವೀರನಿಗೆ ಹಾರದ ಹಾಗೆ ಕಾಣುವ ಸಂಖ್ಯೆಗಳ ಹುಚ್ಚು ಇತ್ತು. ಮೊಬೈಲಿನಲ್ಲಿ ಮಗಳಿಗೆ 152207ನ್ನು 73ರಿಂದ ಗುಣಿಸಲು ಹೇಳಿ. 142857143ನ್ನು 7ರಿಂದ. ಏನು ಬರುತ್ತದೆ ಅಂತ ನಾನು ಹೇಳುವುದಿಲ್ಲ.

ಬಸ್ಸಿಗೆ ಕಾಯುವಾಗ ಮಾಡಬಹುದಾದದ್ದೊಂದಿದೆ, ಇದಕ್ಕೆ ಖರ್ಚು ಏನೂ ಇಲ್ಲ. ಎದುರು ಬರುವ ಕೆಎಲ್ 14 ಗಾಡಿಯ ನಂಬರ್ ನೋಡಿ. 4725 ಅಂತ ಇಟ್ಟುಕೊಳ್ಳಿ. ಅಂಕೆಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, 7542. ತಿರುಗಿಸಿ, 2457. ಕಳೆದರೆ 5085. ಅದಕ್ಕೂ ಹೀಗೆಯೇ ಮಾಡಿ, 8550ರಲ್ಲಿ 0558 ಹೋದರೆ 7992. ಮುಂದೆ 7173, 6354, 3087, 8352, ಕೊನೆಗೆ 6174. 6174ಕ್ಕೆ ಇದನ್ನೇ ಮಾಡಿದರೆ ಪುನಃ 6174. ಅಲ್ಲೇ ಸಿಕ್ಕಿಬೀಳುತ್ತದೆ. ಬೇರೆ ಗಾಡಿಯ ನಂಬರ್ ಹಿಡಿಯಿರಿ, ಅದೂ ಅಲ್ಲಿಗೇ ಬರುತ್ತದೆ. ನಾಲ್ಕೂ ಅಂಕೆ ಒಂದೇ ಆಗಿರಬಾರದು, ಸೊನ್ನೆಯನ್ನೂ ಒಂದು ಅಂಕೆಯಾಗಿ ಉಳಿಸಿಕೊಳ್ಳಬೇಕು, ಅಷ್ಟೇ ನಿಯಮ. ಏಳು ಸಲಕ್ಕಿಂತ ಜಾಸ್ತಿ ಬೇಕಾಗುವುದಿಲ್ಲ. ಕಳೆಯುವ ಲೆಕ್ಕ ಹತ್ತು ಕೊಟ್ಟರೆ ಅಳುವ ಮಗು ಇಲ್ಲಿ ಮೂವತ್ತು ಕಳೆದಿರುತ್ತದೆ. ಎಲ್ಲಾದರೂ ಕಳೆಯುವಾಗ ತಪ್ಪಿದರೆ? ಅದಕ್ಕೂ ಒಂದು ಉಪಾಯ ಇದೆ. ಕಳೆದು ಬಂದದ್ದು ಯಾವಾಗಲೂ ಒಂಬತ್ತರ ಮಗ್ಗಿಯಲ್ಲಿ ಇರಬೇಕು, ಅಂಕೆಗಳನ್ನು ಕೂಡಿಸಿದರೆ 18 ಅಥವಾ 27 ಬರಬೇಕು. ಯಾಕೆ ಅಂತ ಅವಳು ಒಂದು ವರ್ಷ ಬಿಟ್ಟು ಕೇಳಿದರೂ ತಡ ಆಗಲಿಲ್ಲ.

ಇದನ್ನು ಕಂಡುಹಿಡಿದದ್ದು ಶಾಲೆಯ ಮಾಷ್ಟ್ರು ಅನ್ನುವುದು ನನಗೆ ಹೆಮ್ಮೆ. ಡಿ. ಆರ್. ಕಾಪ್ರೇಕರ್, ಹುಟ್ಟಿದ್ದು 1905ರಲ್ಲಿ, ಮಹಾರಾಷ್ಟ್ರದ ಡಹಾಣುವಿನಲ್ಲಿ. ನಾಸಿಕದ ಹತ್ತಿರ ದೇವಳಾಲಿಯಲ್ಲಿ ಮಕ್ಕಳಿಗೆ ಕಲಿಸುತ್ತಿದ್ದರು. 6174 ಅವರ ಕಣ್ಣಿಗೆ ಬಿದ್ದದ್ದು 1949ರಲ್ಲಿ. ದೊಡ್ಡವರು ಬಹಳ ಕಾಲ ಇದನ್ನು ಮಕ್ಕಳಾಟ ಅಂತಲೇ ನೋಡಿದರು. 1975ರಲ್ಲಿ ಅಮೆರಿಕದ ಮಾರ್ಟಿನ್ ಗಾರ್ಡನರ್ ತಮ್ಮ ಅಂಕಣದಲ್ಲಿ ಬರೆದ ಮೇಲೆ ಹೊರಗಿನವರಿಗೂ ಹೆಸರು ಗೊತ್ತಾಯಿತು. ಮೂರು ಅಂಕೆಯ ಸಂಖ್ಯೆಗೂ ಇಂಥದೇ ಒಂದು ಕೊನೆಯ ನಿಲ್ದಾಣ ಇದೆ. ಮಗಳೇ ಹುಡುಕಲಿ.

ಎಲ್ಲ ಒಗಟೂ ಒಳ್ಳೆಯದಲ್ಲ. ಮೊಬೈಲಿನಲ್ಲಿ ಬರುತ್ತದಲ್ಲ, ಮಾವಿನಹಣ್ಣು ಕೂಡಿಸು ಬಾಳೆಹಣ್ಣು, "ನೂರರಲ್ಲಿ ತೊಂಬತ್ತು ಜನ ಫೇಲ್" ಅಂತ, ಅದನ್ನು ದೂರ ಇಡಿ. ಅದರಲ್ಲಿ ಯೋಚನೆ ಇಲ್ಲ, ಬೀಳಿಸುವ ಕುತಂತ್ರ ಇದೆ. ಮೂರನೇ ಸಾಲಿನಲ್ಲಿ ಒಂದು ಬಾಳೆಹಣ್ಣು ಕಡಿಮೆ ಇತ್ತು ಅಂತ ಆಮೇಲೆ ಗೊತ್ತಾಗುತ್ತದೆ. ಮರದಲ್ಲಿ ಹತ್ತು ಹಕ್ಕಿ, ಒಂದಕ್ಕೆ ಗುಂಡು ಹೊಡೆದರೆ ಎಷ್ಟು ಉಳಿಯುತ್ತದೆ ಅನ್ನುವಂಥದ್ದು ನಗಲಿಕ್ಕೆ ಸರಿ. ಲೆಕ್ಕಕ್ಕೆ ಹೆದರಿದ ಮಗುವಿಗೆ ಅದೂ ಒಂದು ಪೆಟ್ಟೇ, "ನನ್ನನ್ನು ಪುನಃ ಮಂಗ ಮಾಡಿದರು" ಅನಿಸುತ್ತದೆ. ಗಡಿಯಾರ ಇಟ್ಟು ಮಾಡಿಸುವುದೂ ಬೇಡ. ಅಬಾಕಸ್ ಕ್ಲಾಸಿಗೆ ಸೇರಿಸಲಾ ಅಂತ ತಾಯಂದಿರು ನನ್ನನ್ನು ಕೇಳುತ್ತಾರೆ. ಕೈ ಬೇಗ ಆಗಬಹುದು. ನಿಮ್ಮ ಮಗಳಿಗೆ ಬೇಕಾದದ್ದು ಬೇಗ ಅಲ್ಲ, ನಿಧಾನ.

ಕಷ್ಟದ ಮಟ್ಟ ಹೇಗೆ ನೋಡುವುದು? ಕೇಳಿದ ತಕ್ಷಣ ಉತ್ತರ ಬಂದರೆ ಅದು ಒಗಟಲ್ಲ. ಮೂರು ದಿನ ಆದರೂ ಹತ್ತಿರ ಹೋಗಲು ದಾರಿ ಕಾಣದಿದ್ದರೆ ಸದ್ಯ ಬೇಡ, ತೆಗೆದಿಡಿ, ಆರು ತಿಂಗಳು ಬಿಟ್ಟು ತೆಗೆಯಿರಿ. ಊಟಕ್ಕೆ ಕೂತಾಗ ತಟ್ಟೆಯ ಬದಿಯಲ್ಲಿ ಬೆರಳಿನಿಂದ ಏನೋ ಬರೆಯುತ್ತಿದ್ದರೆ, ಆ ಒಗಟು ಸರಿಯಾದ ಅಳತೆಯದ್ದು. ಆಗ ಮಾತಾಡಿಸಬೇಡಿ.

ಯು.ಎಸ್.ಎಸ್. ಬಗ್ಗೆ. ಒಗಟು ಮಾಡಿದರೆ ಮಾರ್ಕು ಜಾಸ್ತಿ ಬರುತ್ತದೆ ಅಂತ ನಾನು ಮಾತು ಕೊಡುವುದಿಲ್ಲ. ಪರೀಕ್ಷೆಗೆ ಪರೀಕ್ಷೆಯ ಅಭ್ಯಾಸವೇ ಬೇಕು, ಹಳೆಯ ಪ್ರಶ್ನೆಪತ್ರಿಕೆ ತೆಗೆದು ಬರೆಸಬೇಕು. ಮಗ್ಗಿಯೂ ಬರಬೇಕು, ಅದಕ್ಕೆ ಅಡ್ಡದಾರಿ ಇಲ್ಲ. ಒಗಟಿಗೆ ವಾರಕ್ಕೆ ಒಂದು ಸಾಕು. ಕೂತು ಮಾಡುವ ಹೊತ್ತು ಅರ್ಧ ಗಂಟೆ, ಉಳಿದದ್ದು ತಲೆಯಲ್ಲಿ ತಾನಾಗಿ ಓಡುತ್ತಿರುತ್ತದೆ. ಅದರಿಂದ ಓದಿಗೆ ಏನೂ ತೊಂದರೆ ಇಲ್ಲ. ಎರಡನ್ನೂ ಕಲಸಬೇಡಿ, ಅಷ್ಟೇ. "ಹೂವಿನ ಒಗಟು ಬಂತಲ್ಲ, ಹಾಗಾದರೆ ಈ ಭಿನ್ನರಾಶಿ ಯಾಕೆ ಬರುವುದಿಲ್ಲ" ಅಂತ ಒಂದು ಸಲ ಕೇಳಿದರೆ ಸಾಕು, ಒಗಟೂ ಪುಸ್ತಕದ ಪಕ್ಕಕ್ಕೆ ಹೋಗಿ ಕೂರುತ್ತದೆ. ಇನ್ನು ಆ ಹೊಟ್ಟೆನೋವು ರಜೆಯ ದಿನವೂ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಲೆಕ್ಕದ ದಿನ ಮಾತ್ರ ಬರುತ್ತಿದ್ದರೆ, ಕ್ಲಾಸಿನಲ್ಲಿ ಏನಾಗುತ್ತಿದೆ ಅಂತ ಮಗಳ ಹತ್ತಿರ ಮೆಲ್ಲಗೆ ಕೇಳಿ. ಬೋರ್ಡಿನ ಎದುರು ನಿಲ್ಲಿಸಿ ಯಾರಾದರೂ ನಕ್ಕಿರಬಹುದು. ನನ್ನ ಕ್ಲಾಸು ನಕ್ಕ ಹಾಗೆ.

ತೋಟದವರಿಗೆ ಒಂದು ಒಗಟು ಕೊಟ್ಟು ನಿಲ್ಲಿಸುತ್ತೇನೆ, ಎರಡು ಭಾಗ ಇದೆ. ಮೊದಲನೆಯದು ಸುಲಭ. ಒಂದು ಸಾಲಿನಲ್ಲಿ ಹತ್ತು ಅಡಿಕೆ ಮರ, ಮರದಿಂದ ಮರಕ್ಕೆ ಒಂಬತ್ತು ಅಡಿ. ಮೊದಲ ಮರದಿಂದ ಕೊನೆಯ ಮರಕ್ಕೆ ಎಷ್ಟು ಅಡಿ? ಮನೆಯವರನ್ನೂ ಕೇಳಿ. ಅವಸರದಲ್ಲಿ 90 ಅಂದರೆ ಮಗಳ ಕೈಯಲ್ಲಿ ಟೇಪು ಕೊಟ್ಟು ತೋಟಕ್ಕೆ ಕಳುಹಿಸಿ.

ಎರಡನೆಯದು ಹೀಗೆ. ಹತ್ತು ಸಸಿ ಇದೆ. ಐದು ಸಾಲು ಆಗಬೇಕು. ಪ್ರತಿ ಸಾಲಿನಲ್ಲಿ ನಾಲ್ಕು ಸಸಿ ಇರಬೇಕು. ಸಾಲು ನೆಟ್ಟಗಿರಬೇಕು. ಐದು ನಾಲ್ಕಲಿ ಇಪ್ಪತ್ತು ಅಲ್ವಾ, ಹತ್ತು ಹೇಗೆ ಸಾಕಾಗುತ್ತದೆ ಅಂತ ಮಗಳು ಕೇಳುತ್ತಾಳೆ. ಸಾಕಾಗುತ್ತದೆ. ಉತ್ತರ ಬರೆಯುವುದಿಲ್ಲ. ಹತ್ತು ಗೋಟಡಿಕೆ ಚಾವಡಿಯಲ್ಲಿ ಇಡಿ. ಅಜ್ಜಿಯನ್ನೂ ಕರೆಯಿರಿ. ಸಿಕ್ಕಿದ ಮೇಲೆ ಮಗಳೇ ಚಿತ್ರ ಬಿಡಿಸಿ ನನಗೆ ಕಳುಹಿಸಲಿ.